ಮುಗ್ಧೆ ಎಂದವರು ಯಾರು?

ಸಂತೇಬೆನ್ನೂರಿನ ಹೊಂಡ ನೋಡಲು ಬಂದವರಿಗೆ ಮೊದಲು ಸಿಗುವುದು ಎರಡು ಹೆಸರು. ಪುಷ್ಕರಣಿಯನ್ನು ಕಟ್ಟಿಸಿದ ಪಾಳೆಯಗಾರ ಕೆಂಗ ಹನುಮಪ್ಪನಾಯಕನದು ಒಂದು. ದಂಡೆಯ ಮೇಲಿನ ಮುಸಾಫಿರ್ ಖಾನೆಯ ಜೊತೆ ಸೇರಿಕೊಂಡಿರುವ ಬಿಜಾಪುರದ ಸೇನಾನಿ ರಣದುಲ್ಲಾ ಖಾನನದು ಇನ್ನೊಂದು. ಇಬ್ಬರ ಹಗೆಯ ಕತೆಯನ್ನು ಊರಿನ ಶಾಲಾ ಹುಡುಗರೂ ಹೇಳಬಲ್ಲರು. ಆದರೆ ನೀರಿನ ನಡುವೆ ನಿಂತಿರುವ ವಸಂತ ಮಂಟಪದ ಕಲ್ಲು ಕೆತ್ತಿದವರು ಯಾರು, ಗಾರೆ ಕಲೆಸಿದವರು ಯಾರು, ಹಿಂದೂ ಮತ್ತು ಇಸ್ಲಾಮೀ ಕಟ್ಟಡ ಶೈಲಿಗಳನ್ನು ಒಂದೇ ಮಂಟಪದಲ್ಲಿ ಜಗಳವಿಲ್ಲದೆ ಕೂರಿಸಿದ ಕೈ ಯಾರದು ಎಂದು ಕೇಳಿದರೆ ಉತ್ತರವಿಲ್ಲ. ಕಟ್ಟಿಸಿದವರು ಚರಿತ್ರೆಗೆ ಹೋದರು. ಕಟ್ಟಿದವರು ಹೆಚ್ಚೆಂದರೆ 'ಜನಪದ'ಕ್ಕೆ ಹೋದರು. ಜನಪದ ಎಂದರೆ ನಮ್ಮಲ್ಲಿ ಬಹಳ ಪ್ರೀತಿಯಿಂದ ಬಳಸುವ ಪದ. ಆ ಪ್ರೀತಿಯೊಳಗೆ ಒಂದು ಅನುಕೂಲವೂ ಇದೆ. ಅಲ್ಲಿಗೆ ಸೇರಿಸಿದವರ ಹೆಸರು ಕೇಳುವ ಗೋಜಿರುವುದಿಲ್ಲ. ಅವರು ಏನು ಯೋಚಿಸುತ್ತಿದ್ದರು ಎಂದು ಕೇಳುವ ಗೋಜು ಇನ್ನೂ ಇರುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಡ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಮ್ಮ ಚನ್ನಗಿರಿ ತಾಲೂಕು ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಯ ಪಡುವಣ ತುದಿಯಲ್ಲಿ, ಸಾಗರ ಸೊರಬಗಳ ಕಡೆ, ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ಈಗ ಎಲ್ಲರೂ ಬಲ್ಲರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳುಪು, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಮದುವೆಗೆ ಹಸೆಗೋಡೆ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಬಂದಾಗ ಬುಟ್ಟಿಗೆ ಕೆಮ್ಮಣ್ಣು ಹಚ್ಚಿ ಚಿತ್ತಾರ ಬಿಡಿಸುತ್ತಾರೆ. ಬೆಳಗಿನ ಜಾವ ಆ ಬುಟ್ಟಿಯಲ್ಲಿ ಎಡೆ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಎಳೆ ಎಳೆಯಾಗಿ ಅಕ್ಕಪಕ್ಕ ಸಾಗುವ ಆ ಗೆರೆಗಳು ಅಳತೆಪಟ್ಟಿ ಇಲ್ಲದೆ ನೇರವಾಗಿರುವುದನ್ನು ನೋಡಿ ಪಟ್ಟಣದವರು ಬೆರಗಾಗುತ್ತಾರೆ. ಬೆರಗು ಅಲ್ಲಿಗೇ ನಿಲ್ಲುತ್ತದೆ.

ಆ ಗೋಡೆಗಳ ಆಚೆ ಏನು ನಡೆಯುತ್ತಿತ್ತು? ಸಾಗರ ಸೀಮೆಯ ದೀವರಲ್ಲಿ ಬಹಳಷ್ಟು ಜನ ಗೇಣಿದಾರರು. 1951ರ ಕಾಗೋಡು ಸತ್ಯಾಗ್ರಹ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗೆಗಿನ ಜಗಳದಿಂದ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಈ ಹೋರಾಟದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಿದ್ದೇವೆ. ಆದರೆ ಯಾವ ಭತ್ತದ ಅಳತೆಗಾಗಿ ಗಂಡಸರು ಜೈಲಿಗೆ ಹೋದರೋ ಅದೇ ಭತ್ತದ ಅಕ್ಕಿಯನ್ನು ಅರೆದು ಹೆಂಗಸರು ಗೋಡೆಯ ಮೇಲೆ ಭತ್ತದ ಸಸಿ, ದಂಡಿಗೆ, ಬಾಸಿಂಗ ಬರೆಯುತ್ತಿದ್ದರು ಎಂಬುದನ್ನು ಒಂದೇ ಪುಟದಲ್ಲಿ ಇಟ್ಟು ನೋಡುವುದು ಅಪರೂಪ. ಹೋರಾಟವನ್ನು ರಾಜಕೀಯದ ಪುಸ್ತಕಕ್ಕೂ ಚಿತ್ತಾರವನ್ನು ಕರಕುಶಲದ ಪುಸ್ತಕಕ್ಕೂ ಹಂಚಿಬಿಟ್ಟಿದ್ದೇವೆ. ಮೊದಲನೆಯದರಲ್ಲಿ ಹೆಸರುಗಳಿವೆ. ಎರಡನೆಯದರಲ್ಲಿ ಹೆಚ್ಚಾಗಿ 'ದೀವರ ಮಹಿಳೆಯರು' ಎಂಬ ಎರಡು ಪದ.

ಈ ಹಂಚಿಕೆ ನಮ್ಮಲ್ಲಿ ಮಾತ್ರ ಇದ್ದಿದ್ದರೆ ಜಾತಿಯ ಕಾರಣ ಹೇಳಿ ಮುಗಿಸಬಹುದಿತ್ತು. ಆದರೆ ಹೆಸರು ಸಿಕ್ಕ ಮೇಲೂ, ಪದಕ ಪ್ರಶಸ್ತಿಗಳು ಬಂದ ಮೇಲೂ, ಒಬ್ಬ ಹಳ್ಳಿಯ ಹೆಂಗಸಿನ ಚಿತ್ರಗಳನ್ನು ಓದದೆ ಕೇವಲ ಮೆಚ್ಚಿಕೊಳ್ಳಬಹುದು ಎಂಬುದಕ್ಕೆ ಉಕ್ರೇನಿನ ಮಾರಿಯಾ ಪ್ರಿಮಾಚೆಂಕೊ ಸಾಕ್ಷಿ. ಆಕೆ ಶುರು ಮಾಡಿದ್ದೂ ಗೋಡೆಯಿಂದಲೇ.

ಕೀವ್ ನಗರದ ಉತ್ತರಕ್ಕೆ ಪೊಲಿಸ್ಸ್ಯಾ ಎಂಬ ಕಾಡು ಮತ್ತು ಜವುಗಿನ ಸೀಮೆಯಿದೆ. ಅಲ್ಲಿನ ಇವಾಂಕಿವ್ ಎಂಬ ಸಣ್ಣ ಪಟ್ಟಣದ ಹತ್ತಿರ ಬೊಲೊತ್ನ್ಯಾ ಎಂಬ ಹಳ್ಳಿ. ಮಾರಿಯಾ ಹುಟ್ಟಿದ್ದು ಅಲ್ಲಿ, 1909ರ ಜನವರಿ 12ರಂದು. ಆಗ ಅಲ್ಲಿ ನಡೆಯುತ್ತಿದ್ದ ಹಳೆಯ ಪಂಚಾಂಗದ ಪ್ರಕಾರ ಅದು 1908ರ ಡಿಸೆಂಬರ್ 30, ಆದ್ದರಿಂದ ಪುಸ್ತಕಗಳಲ್ಲಿ ಎರಡೂ ವರ್ಷ ಕಾಣುತ್ತವೆ. ತಂದೆ ಬಡಗಿ. ತಾಯಿ ಕಸೂತಿಯಲ್ಲಿ ಪಳಗಿದವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲು ಹೋಯಿತು. ಮುಂದೆ ಕೀವ್‌ನಲ್ಲಿ ಶಸ್ತ್ರಚಿಕಿತ್ಸೆಗಳಾದವು, ಎದ್ದು ನಿಲ್ಲಲು ಬಂದಿತು, ಆದರೆ ಜೀವನಪೂರ್ತಿ ಊನ ಉಳಿಯಿತು. ಹುಡುಗಿ ಬಾತುಗಳನ್ನು ಮೇಯಿಸಲು ಹೋಗಿ ಮರಳಿನ ಮೇಲೆ ಗೀಚುತ್ತಿದ್ದಳಂತೆ, ಹೊಳೆಯ ಬಳಿ ನೀಲಿ ಬಣ್ಣದ ಮಣ್ಣು ಸಿಕ್ಕಿತಂತೆ, ಅದನ್ನು ತಂದು ಮನೆಯ ಗೋಡೆಗೆ ಹೂ ಬರೆದಳಂತೆ, ನೆರೆಯವರೂ ಬಂದು ನಮ್ಮ ಮನೆಗೂ ಬರೆದುಕೊಡು ಎಂದರಂತೆ. ಆಕೆಯ ಬಗ್ಗೆ ಬರೆಯುವವರೆಲ್ಲ ಹೇಳುವ ಕತೆ ಇದು. ನಂಬದಿರಲು ಕಾರಣವಿಲ್ಲ. ನಮ್ಮ ಮಲೆನಾಡಿನಲ್ಲೂ ಕೈ ಚೆನ್ನಾಗಿರುವ ಹೆಣ್ಣನ್ನು ಮದುವೆ ಮನೆಯವರು ಹೀಗೆಯೇ ಕರೆಯುತ್ತಾರೆ.

ಇವಾಂಕಿವ್‌ನಲ್ಲಿ ಕಸೂತಿ ಕಲಾವಿದೆ ತೆತ್ಯಾನಾ ಫ್ಲೋರು ಈ ಹುಡುಗಿಯನ್ನು ಗುರುತಿಸಿದಳು. 1930ರ ದಶಕದ ನಡುವಿನಲ್ಲಿ ಮಾರಿಯಾ ಕೀವ್‌ನ ವಸ್ತುಸಂಗ್ರಹಾಲಯದ ಪ್ರಾಯೋಗಿಕ ಕಾರ್ಯಾಗಾರಕ್ಕೆ ಬಂದಳು. ಹಳ್ಳಿಗಳಿಂದ ಆರಿಸಿ ತಂದ ಕುಶಲಕರ್ಮಿಗಳಿಗೆ ಅಲ್ಲಿ ಕಾಗದ, ಬಣ್ಣ, ಸಂಬಳ ಸಿಗುತ್ತಿತ್ತು. 1936ರಲ್ಲಿ ಕೀವ್‌ನಲ್ಲಿ ನಡೆದ ಜಾನಪದ ಕಲೆಯ ದೊಡ್ಡ ಪ್ರದರ್ಶನದಲ್ಲಿ ಆಕೆಯ ವಿಚಿತ್ರ ಪ್ರಾಣಿಗಳು ಎಲ್ಲರ ಕಣ್ಣು ಸೆಳೆದವು. ಮರುವರ್ಷ ಅವು ಪ್ಯಾರಿಸ್ಸಿನ ವಿಶ್ವ ಪ್ರದರ್ಶನಕ್ಕೂ ಹೋದವು. ಅಲ್ಲಿ ಪಿಕಾಸೊ ಈ ಚಿತ್ರಗಳ ಮುಂದೆ ತಲೆಬಾಗಿದ ಎಂಬ ದಂತಕತೆಯನ್ನು ಪ್ರತಿ ಲೇಖನವೂ ತಪ್ಪದೆ ಹೇಳುತ್ತದೆ. ದೊಡ್ಡ ಗಂಡಸೊಬ್ಬನ ಸರ್ಟಿಫಿಕೇಟು ಇಲ್ಲದೆ ಹಳ್ಳಿಯ ಹೆಂಗಸಿನ ಚಿತ್ರಕ್ಕೆ ಬೆಲೆ ಬರುವುದಿಲ್ಲ ಎಂಬ ನಂಬಿಕೆ ಎಷ್ಟು ಆಳವಾಗಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಆಮೇಲಿನ ಬದುಕು ಸುಖದ್ದಲ್ಲ. ಬಾಳಸಂಗಾತಿ ವಸಿಲ್ ಮರಿಂಚುಕ್ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. 1941ರಲ್ಲಿ ಮಗ ಫೆದಿರ್ ಹುಟ್ಟಿದ್ದ. ಮಾರಿಯಾ ಬೊಲೊತ್ನ್ಯಾಕ್ಕೆ ಮರಳಿ, ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ದುಡಿದು ಮಗನನ್ನು ಸಾಕಿದಳು. ಸುಮಾರು ಎರಡು ದಶಕ ಹೊರಗಿನ ಜಗತ್ತು ಆಕೆಯನ್ನು ಮರೆತಿತ್ತು. 1960ರ ದಶಕದಲ್ಲಿ ಮತ್ತೆ ಪತ್ರಕರ್ತರು, ಕಲಾಪ್ರೇಮಿಗಳು ಹುಡುಕಿಕೊಂಡು ಬಂದರು. 1966ರಲ್ಲಿ 'ಜನರ ಸಂತೋಷಕ್ಕಾಗಿ' ಎಂಬ ಚಿತ್ರಮಾಲೆಗೆ ಶೆವ್ಚೆಂಕೊ ಪ್ರಶಸ್ತಿ ಬಂತು. ಆಕೆ ಊರು ಬಿಡಲಿಲ್ಲ. ಹಳ್ಳಿಯ ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡು ಚಿತ್ರ ಬರೆಯಲು ಕಲಿಸಿದಳು. ಮಗ ಚಿತ್ರಕಾರನಾದ, ಮೊಮ್ಮಕ್ಕಳೂ ಆದರು. 1997ರ ಆಗಸ್ಟ್ 18ರಂದು ಅದೇ ಹಳ್ಳಿಯಲ್ಲಿ ತೀರಿಕೊಂಡಳು. ಕೀವ್‌ನ ಜಾನಪದ ಅಲಂಕಾರ ಕಲೆಯ ರಾಷ್ಟ್ರೀಯ ಸಂಗ್ರಹಾಲಯವೊಂದರಲ್ಲೇ ಆಕೆಯ 600ಕ್ಕೂ ಹೆಚ್ಚು ಕೃತಿಗಳಿವೆ.

ಬಡ ಹಳ್ಳಿಯ ಅಂಗವಿಕಲ ಹುಡುಗಿ, ಪ್ರಕೃತಿಯೇ ಗುರು, ಪ್ರಭುತ್ವದ ಮನ್ನಣೆ, ಕೊನೆಗೆ ಕೀರ್ತಿ. ಸೋವಿಯತ್ ಕಾಲದಲ್ಲಿ ಆಕೆಯ ಬದುಕನ್ನು ಹೀಗೆ ಹೇಳುತ್ತಿದ್ದರು. ಈಗಲೂ ಬಹುಪಾಲು ಹೀಗೆಯೇ ಹೇಳುತ್ತಾರೆ. 'ಮುಗ್ಧ ಕಲೆ' ಎಂಬ ಹಣೆಪಟ್ಟಿ ಈ ಕತೆಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಇಸವಿಗಳನ್ನು ಪಕ್ಕದಲ್ಲಿಟ್ಟು ನೋಡಿ.

1936ರಲ್ಲಿ ಆ ಪ್ರಾಣಿಗಳು ಕಾಗದದ ಮೇಲೆ ಬಂದವು. ಅದಕ್ಕೆ ಮೂರೇ ವರ್ಷ ಹಿಂದೆ, 1932-33ರಲ್ಲಿ, ಉಕ್ರೇನಿನ ಹಳ್ಳಿಗಳು ಮಹಾಕ್ಷಾಮದಲ್ಲಿ ಬೆಂದುಹೋಗಿದ್ದವು. ಅದು ಮಳೆ ಕೈಕೊಟ್ಟು ಬಂದ ಬರವಾಗಿರಲಿಲ್ಲ. ಸ್ಟಾಲಿನ್ ಸರ್ಕಾರ ರೈತರ ಕಣಜ ಗುಡಿಸಿ ಧಾನ್ಯ ಒಯ್ದದ್ದರಿಂದ ಬಂದದ್ದು. ಸತ್ತವರು 35ರಿಂದ 40 ಲಕ್ಷ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅತಿ ಹೆಚ್ಚು ಸಾವು ಕಂಡ ಪ್ರದೇಶಗಳಲ್ಲಿ ಕೀವ್ ಪ್ರಾಂತವೂ ಒಂದು. ಆಗ ಮಾರಿಯಾಗೆ 24ರ ಹರೆಯ. ಆ ಕ್ಷಾಮದ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಅಪರಾಧವಾಗಿದ್ದ ದೇಶದಲ್ಲಿ, ಆ ಹಳ್ಳಿಗಳಿಂದಲೇ ಬಂದ ಹೆಣ್ಣುಮಗಳೊಬ್ಬಳು ಹಲ್ಲು ಕಿರಿದ, ಹೊಟ್ಟೆ ಬಿರಿದ, ಕಣ್ಣು ಅಗಲಿಸಿದ ಮೃಗಗಳನ್ನು ಬರೆದಳು. ನೋಡಿದವರು 'ಎಂಥ ಕಲ್ಪನೆ!' ಎಂದು ಚಪ್ಪಾಳೆ ತಟ್ಟಿದರು. ಆ ಮೃಗಗಳೆಲ್ಲ ಕ್ಷಾಮದ ರೂಪಕ ಎಂದು ನಾನು ವಾದಿಸುವುದಿಲ್ಲ. ಅದು ಇನ್ನೊಂದು ಬಗೆಯ ಸುಲಭದ ಓದು. ಆದರೆ ಹಸಿವನ್ನು ಕಂಡ ಕಣ್ಣು ಬರೆದ ಹಲ್ಲುಗಳನ್ನು ಕೇವಲ ಮಕ್ಕಳ ಕತೆಯ ಹಲ್ಲುಗಳು ಎನ್ನುವುದಕ್ಕೆ ತುಂಬ ಧೈರ್ಯ ಬೇಕು.

ಇನ್ನೊಂದು ಇಸವಿ 1937. ಕೀವ್‌ನ ಕಲಾಶಾಲೆಯಲ್ಲಿ ಮಿಖಾಯ್ಲೊ ಬೊಯ್ಚುಕ್ ಎಂಬ ಹಿರಿಯ ಚಿತ್ರಕಾರ ಮೇಷ್ಟರಾಗಿದ್ದ. ಪ್ಯಾರಿಸ್ ಕಂಡು ಬಂದವನು. ಹಳೆಯ ಚರ್ಚುಗಳ ಭಿತ್ತಿಚಿತ್ರ ಮತ್ತು ರೈತರ ಜಾನಪದ ಕಲೆ ಎರಡನ್ನೂ ಬೆಸೆದು ಹೊಸ ಉಕ್ರೇನಿನ ಕಲೆ ಕಟ್ಟಲು ಹೊರಟವನು. ಅವನನ್ನು ರಾಷ್ಟ್ರೀಯವಾದಿ, ಗೂಢಚಾರ ಎಂದು ಹಿಡಿದು 1937ರ ಜುಲೈ 13ರಂದು ಗುಂಡಿಕ್ಕಿ ಕೊಂದರು. ವರ್ಷ ಮುಗಿಯುವುದರೊಳಗೆ ಅವನ ಹೆಂಡತಿ, ಚಿತ್ರಕಲಾವಿದೆ ಸೋಫಿಯಾಳನ್ನೂ ಕೊಂದರು. ಶಿಷ್ಯರಲ್ಲಿ ಕೆಲವರಿಗೂ ಅದೇ ಗತಿಯಾಯಿತು. ಗೋಡೆಗಳ ಮೇಲೆ ಅವರು ಬರೆದ ಚಿತ್ರಗಳನ್ನು ಕೆರೆದು ತೆಗೆದರು. ಅದೇ ಬೇಸಿಗೆಯಲ್ಲಿ ಸೋವಿಯತ್ ಸರ್ಕಾರ ಮಾರಿಯಾಳ ಮೃಗಗಳನ್ನು ಪ್ಯಾರಿಸ್ಸಿನಲ್ಲಿ ತೂಗುಹಾಕಿತ್ತು.

ಇಬ್ಬರಿಗೂ ಮೂಲ ಒಂದೇ, ರೈತರ ಮನೆಯ ಕಲೆ. ಓದಿದ ಗಂಡಸು ಅದನ್ನು ಎತ್ತಿಕೊಂಡಾಗ ಅದು ವಿಚಾರವಾಯಿತು, ವಿಚಾರವಾದ್ದರಿಂದ ಅಪಾಯವಾಯಿತು. ಹಳ್ಳಿಯ ಹೆಂಗಸು ಬರೆದಾಗ ಅದು ಮುಗ್ಧತೆಯಾಯಿತು, ಮುಗ್ಧವಾದ್ದರಿಂದ ನಿರಪಾಯವಾಯಿತು. 'ಸಮಾಜವಾದಿ ವಾಸ್ತವವಾದ' ಒಂದೇ ಸರಿಯಾದ ಕಲೆ ಎಂದು ಪ್ರಭುತ್ವ ಸಾರಿದ್ದ ದಿನಗಳಲ್ಲಿ, ಎರಡು ತಲೆಯ ಪ್ರಾಣಿಯನ್ನೂ ಹೂ ಬಿಟ್ಟ ಬಾಲವನ್ನೂ ಬರೆಯಲು ಆಕೆಗೆ ಪರವಾನಗಿ ಸಿಕ್ಕಿದ್ದು ಈ ಹಣೆಪಟ್ಟಿಯಿಂದ. ಅಂದರೆ ಆಕೆಯ ಬುದ್ಧಿಯನ್ನು ಅಲ್ಲಗಳೆದ ಪದವೇ ಆಕೆಯ ಜೀವವನ್ನೂ ಕಾಪಾಡಿತು. ಮಾರಿಯಾಗೆ ಇದು ತಿಳಿದಿತ್ತೇ? ದಾಖಲೆ ಕೇಳಿದರೆ ಕೊಡಲಾಗದು. ಚಿತ್ರಗಳನ್ನು ನೋಡಿದರೆ, ದಡ್ಡಿ ಎನಿಸಿಕೊಂಡು ತನ್ನ ಕೆಲಸ ಮಾಡಿಕೊಳ್ಳುವ ಜಾಣತನವನ್ನು ನಮ್ಮ ಅತ್ತೆ ಸೊಸೆಯರಲ್ಲೂ ಕಂಡಿದ್ದೇವಲ್ಲ ಎನಿಸುತ್ತದೆ.

ಚಿತ್ರಗಳ ಒಳಗೇ ಹೋಗೋಣ. ಕಾಗದದ ತುಂಬ ಒಂದೇ ಪ್ರಾಣಿ. ಮೈಯನ್ನು ಪಕ್ಕದಿಂದ ಬರೆದಿರುತ್ತಾಳೆ, ಮುಖ ಮಾತ್ರ ನಮ್ಮ ಕಡೆಗೆ ತಿರುಗಿರುತ್ತದೆ. ಕಣ್ಣುಗಳು ಮನುಷ್ಯರವು, ಎಷ್ಟೋ ಕಡೆ ರೆಪ್ಪೆಗೂದಲು ಸಮೇತ. ಮೈಮೇಲೆ ಕೂದಲಿಗೆ ಬದಲು ಚುಕ್ಕಿ, ಗೆರೆ, ಹೂ, ಅಲೆ. ತಾಯಿಯ ಕಸೂತಿಯ ಹೊಲಿಗೆಗಳೇ ಕುಂಚಕ್ಕೆ ಬಂದಂತೆ ಅವು ಕಾಣುತ್ತವೆ. ಹಿನ್ನೆಲೆ ಸಪಾಟು. ದೂರ ಹತ್ತಿರ ಎಂಬ ಲೆಕ್ಕವಿಲ್ಲ, ನೆರಳಿಲ್ಲ. ಬಣ್ಣ ನೀರಿನಲ್ಲಿ ಕಲೆಸಿದ ಗ್ವಾಶ್. 1930ರ ದಶಕದ ಚಿತ್ರಗಳಲ್ಲಿ ಹಿನ್ನೆಲೆ ಹೆಚ್ಚಾಗಿ ಬಿಳಿ ಕಾಗದವೇ, ಬಣ್ಣಗಳೂ ಮಣ್ಣಿನವು. 1960ರ ನಂತರ ಹಳದಿ, ನೀಲಿ, ಕೆಂಪು ಹಿನ್ನೆಲೆಗಳು ಬರುತ್ತವೆ, ಕಣ್ಣು ಕುಕ್ಕುವಷ್ಟು ಬರುತ್ತವೆ. ಜನಪ್ರಿಯವಾದದ್ದು ಈ ಎರಡನೆಯ ಘಟ್ಟ. ನನಗೆ ಮೊದಲಿನವೇ ಮೇಲು ಎನಿಸುತ್ತದೆ. ಬಿಳಿಯ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತ ಆ ಮೃಗಗಳಿಗೆ ಭಯವಿದೆ, ಅವು ಭಯ ಹುಟ್ಟಿಸುತ್ತವೆ ಕೂಡ. ಕೊನೆಯ ದಶಕಗಳ ಚಿತ್ರಗಳಲ್ಲಿ ಒಂದಷ್ಟು ಕೈಚಳಕದ ಪುನರಾವರ್ತನೆಯೇ ಸರಿ. ಬೇಡಿಕೆ ಹೆಚ್ಚಾದ ಕಲಾವಿದರೆಲ್ಲರಿಗೂ ಆಗುವುದು ಆಕೆಗೂ ಆಗಿದೆ. ಜಾನಪದ ಕಲಾವಿದೆ ಎಂದ ಮಾತ್ರಕ್ಕೆ ಇದನ್ನು ಹೇಳದೆ ಬಿಡುವುದು ಗೌರವವಲ್ಲ.

ಪ್ರಾಣಿಯ ಮೈ, ಮನುಷ್ಯನ ಕಣ್ಣು. ಇದು ನಮಗೆ ಹೊಸದಲ್ಲ. ಮೊಹರಮ್ಮನ್ನು ಬಾಬಯ್ಯನ ಹಬ್ಬ ಎಂದು ಕರೆಯುವ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಹುಲಿವೇಷ ಹಾಕುತ್ತಾರೆ. ಮೈಗೆ ಹಳದಿ ಬಳಿದು ಕರಿ ಪಟ್ಟೆ ಎಳೆಯುವವನು ವರ್ಷದ ಉಳಿದ ದಿನಗಳಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಬದಿ ಬರೆಯುವ ಪೇಂಟರ್ ಆಗಿರಬಹುದು. ಅವನು ಬರೆದ ಹುಲಿಯ ನಡುವೆ ಹರಕೆ ಹೊತ್ತವನ ಕೆಂಪಾದ ಕಣ್ಣು ಕಾಣುತ್ತದೆ. ಚಿಕ್ಕ ಮಕ್ಕಳು ಹೆದರುವುದು ಪಟ್ಟೆಗಲ್ಲ, ಆ ಕಣ್ಣಿಗೆ. ಮಾರಿಯಾಳ ಮೃಗಗಳ ಬಲವೂ ಅಲ್ಲಿಯೇ ಇದೆ. ಅವು ನಮ್ಮನ್ನು ನೋಡುತ್ತವೆ. ಬೊಲೊತ್ನ್ಯಾದಲ್ಲಿ ಸಿಂಹ, ಮೊಸಳೆ, ಕೋತಿಗಳಿರಲಿಲ್ಲ. ಹುಲಿ ತೋಟಕ್ಕೆ ಬರುವುದು ಆಕೆಯ ಚಿತ್ರದಲ್ಲಿ ಮಾತ್ರ.

ಇನ್ನು ಚಿತ್ರದ ಹಿಂಬದಿ. ಇದನ್ನು ವಿಮರ್ಶಕರು ಬಹಳ ಕಾಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮಾರಿಯಾ ಕಾಗದವನ್ನು ತಿರುವಿ ಅದರ ಬೆನ್ನ ಮೇಲೆ ತನ್ನ ಕೈಯಾರೆ ಶೀರ್ಷಿಕೆ ಬರೆಯುತ್ತಿದ್ದಳು. ಶೀರ್ಷಿಕೆ ಎಂದರೆ ಒಂದು ಪದವಲ್ಲ. ಕೆಲವು ಗಾದೆಯಂತಿವೆ, ಕೆಲವು ಹಾಡಿನ ತುಂಡಿನಂತೆ ಪ್ರಾಸ ಹಿಡಿದಿವೆ, ಕೆಲವು ಬೈಗುಳ. ಮೂರು ವರ್ಷದ ಉಕ್ರೇನಿಯನ್ ಹೋರಿ ಕಾಡಿನಲ್ಲಿ ಅಡ್ಡಾಡುತ್ತ ಬಲ ಕೂಡಿಸಿಕೊಳ್ಳುತ್ತಿದೆ ಎಂಬ ಅರ್ಥದ ಶೀರ್ಷಿಕೆಯ ಚಿತ್ರ 1983ರದು. ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಯಾಗಿ ನಿಂತಿದ್ದ ವರ್ಷ. ನೋಡುವವರಿಗೆ ಅದು ಒಂದು ಹೋರಿ. ಹಿಂಬದಿ ಓದಿದವರಿಗೆ, ಯಾವುದಕ್ಕಾಗಿ ಬಲ ಕೂಡಿಸುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ನಾಲ್ವರು ಕುಡುಕರು ಹಕ್ಕಿಯ ಮೇಲೆ ಸವಾರಿ ಮಾಡುವ ಚಿತ್ರವೊಂದಿದೆ. ಹಳ್ಳಿಯ ಹೆಂಗಸಿಗೆ ಕುಡುಕರ ಬಗ್ಗೆ ಇರುವ ಸಿಟ್ಟು ಮತ್ತು ನಗು ಎರಡೂ ಅದರಲ್ಲಿವೆ. ಅಣ್ವಸ್ತ್ರ ಯುದ್ಧ ಹಾಳಾಗಿ ಹೋಗಲಿ ಎಂದು ಶಪಿಸುವ ಚಿತ್ರ 1978ರದು. ಶಾಪ ಎಂಬುದು ಗದ್ದುಗೆ ಇಲ್ಲದವರ ಅಸ್ತ್ರ. ನಮ್ಮ ಹೆಂಗಸರು ಬೀದಿಯಲ್ಲಿ ಮಣ್ಣು ತೂರಿ ಹಾಕುವ ಶಾಪಕ್ಕೂ ಇದಕ್ಕೂ ನಂಟಿದೆ. ಶಾಪ ಹಾಕುವವಳನ್ನು ಮುಗ್ಧೆ ಎಂದು ಯಾವ ಊರಿನಲ್ಲೂ ಕರೆಯುವುದಿಲ್ಲ.

ಸಂಗ್ರಹಾಲಯದಲ್ಲಿ ಚಿತ್ರವನ್ನು ಗಾಜಿನ ಕಟ್ಟಿಗೆ ಹಾಕಿ ಗೋಡೆಗೆ ಆನಿಸುತ್ತಾರೆ. ಹಿಂಬದಿ ಗೋಡೆಯ ಕಡೆಗಿರುತ್ತದೆ.

ಮಾರಿಯಾಳ ಪಕ್ಕದಲ್ಲಿ ಕತೆರಿನಾ ಬಿಲೊಕುರಳನ್ನು ನೆನೆಯದಿದ್ದರೆ ಈ ಮಾತು ಅರ್ಧವಾಗುತ್ತದೆ. ಬೊಹ್ದಾನಿವ್ಕಾ ಎಂಬ ಹಳ್ಳಿಯಲ್ಲಿ 1900ರಲ್ಲಿ ಹುಟ್ಟಿದವಳು. ಮನೆಯವರು ಶಾಲೆಗೆ ಕಳಿಸಲಿಲ್ಲ. ಚಿತ್ರ ಬರೆಯುವುದು ರೈತರ ಮನೆಯ ಹೆಣ್ಣಿಗೆ ನಾಚಿಕೆಗೇಡು ಎಂದರು. 1934ರಲ್ಲಿ ಆಕೆ ಹೊಳೆಗೆ ಇಳಿದು ಪ್ರಾಣ ಬಿಡಲು ಹೊರಟಳು. ಆ ಮೇಲೆಯೇ ಮನೆಯಲ್ಲಿ ಕುಂಚ ಹಿಡಿಯಲು ಒಪ್ಪಿಗೆ ಸಿಕ್ಕಿದ್ದು. ರೇಡಿಯೋದಲ್ಲಿ ಹಾಡು ಕೇಳಿ ಗಾಯಕಿ ಒಕ್ಸಾನಾ ಪೆತ್ರುಸೆಂಕೊಗೆ ಕಾಗದ ಬರೆದದ್ದರಿಂದ 1940ರಲ್ಲಿ ಪೊಲ್ತಾವಾದಲ್ಲಿ ಪ್ರದರ್ಶನವಾಯಿತು. ಆಕೆ ಬರೆದದ್ದು ಹೂಗಳನ್ನು, ಎಣ್ಣೆ ಬಣ್ಣದಲ್ಲಿ, ಒಂದೊಂದು ಎಸಳನ್ನೂ ತಿಂಗಳುಗಟ್ಟಲೆ ನೋಡಿ. ಹೂ ಕಿತ್ತು ತಂದು ಬರೆಯುತ್ತಿರಲಿಲ್ಲ, ಗಿಡದ ಮುಂದೆ ಹೋಗಿ ಕೂರುತ್ತಿದ್ದಳು. ಯಾವ ಹಳ್ಳಿಯ ಸಂಪ್ರದಾಯದಲ್ಲೂ ಇಲ್ಲದ ಕಲೆ ಅದು. ಆದರೂ ಆಕೆಯನ್ನು ಸೇರಿಸಿದ್ದು ಜಾನಪದದ ಕೋಣೆಗೆ. ಕಾರಣ ಆಕೆ ಹಳ್ಳಿಯವಳು, ಓದದವಳು, ಹೆಂಗಸು. ಅಂದ ಮೇಲೆ 'ಜಾನಪದ' ಎಂಬುದು ಚಿತ್ರದ ಬಗೆಯನ್ನು ಹೇಳುವ ಪದವೋ, ಬರೆದವರ ಸ್ಥಾನಮಾನವನ್ನು ಹೇಳುವ ಪದವೋ?

ನಮ್ಮ ಚಿತ್ತಾರಕ್ಕೂ ಈ ಪ್ರಶ್ನೆ ಕೇಳಬೇಕು. ಇಂದು ಚಿತ್ತಾರ ಗೋಡೆಯಿಂದ ಇಳಿದು ಕಾಗದ, ಕ್ಯಾನ್ವಾಸು, ಸೀರೆ, ಮದುವೆ ಕಾರ್ಡು, ಸರ್ಕಾರಿ ಕಟ್ಟಡದ ಕಾಂಪೌಂಡುಗಳಿಗೆ ಬಂದಿದೆ. ಬರೆದವರಿಗೆ ನಾಲ್ಕು ಕಾಸು ಬರುವುದಾದರೆ ಅದರಲ್ಲಿ ತಪ್ಪೇನೂ ಇಲ್ಲ. ಗೋಡೆಯ ಚಿತ್ತಾರ ಮುಂದಿನ ಮದುವೆಗೆ ಅಳಿಸಿಹೋಗುವಂಥದ್ದು, ಅಳಿಸಿಹೋಗಲೆಂದೇ ಬರೆದದ್ದು. ಅದಕ್ಕೆ ಸಹಿ ಬೇಕಿರಲಿಲ್ಲ, ಬರೆದವಳು ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಕ್ಯಾನ್ವಾಸು ಊರು ಬಿಟ್ಟು ಬೆಂಗಳೂರಿನ ಗೋಡೆಗೆ ಬಂದ ಮೇಲೆ ಆ ಗೊತ್ತಿರುವಿಕೆ ಜೊತೆಗೆ ಬರುವುದಿಲ್ಲ. 'ಚಿತ್ತಾರ, ಮಲೆನಾಡು' ಎಂಬ ಚೀಟಿ ಮಾತ್ರ ಬರುತ್ತದೆ. ಊರೊಳಗೆ ಹೆಸರಿದ್ದವಳು ಮಾರುಕಟ್ಟೆಗೆ ಬಂದಾಗ ಅನಾಮಿಕಳಾಗುತ್ತಾಳೆ. ಅನಾಮಿಕತೆ ಜಾನಪದದ ಲಕ್ಷಣ ಎಂದು ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ ಪಾಠ ಮಾಡುತ್ತೇವೆ. ಅದು ಸಂಗ್ರಹಕಾರನ ಲಕ್ಷಣವೂ ಆಗಿರಬಹುದು.

ಮಾರಿಯಾಳ ಕಡೆಯ ವರ್ಷಗಳಿಗೆ ಬರೋಣ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ಘಟಕ ಸಿಡಿಯಿತು. ಪೊಲಿಸ್ಸ್ಯಾದ ಕಾಡು, ಹೊಳೆ, ಹಾಲು, ಅಣಬೆ ಎಲ್ಲದರಲ್ಲೂ ವಿಷ ಸೇರಿತು. ಹಳ್ಳಿಗಳನ್ನು ಖಾಲಿ ಮಾಡಿಸಿದರು. ಬೊಲೊತ್ನ್ಯಾ ನಿಷಿದ್ಧ ವಲಯದ ಹೊರಗೆ ಉಳಿಯಿತು, ಮಾರಿಯಾ ಅಲ್ಲೇ ಉಳಿದಳು. ಎಂಬತ್ತರ ಅಂಚಿನಲ್ಲಿದ್ದ ಆಕೆ ಚೆರ್ನೋಬಿಲ್ ಬಗ್ಗೆ ಚಿತ್ರಗಳ ಸರಣಿಯನ್ನೇ ಬರೆದಳು. ಅದರಲ್ಲಿ 1990ರ ಒಂದು ಚಿತ್ರದ ಹೆಸರು 'ನಾಲ್ಕನೇ ಘಟಕದ ಬಳಿ ಹೂಗಳು ಬೆಳೆದವು'. ಚಿತ್ರದಲ್ಲಿ ಇರುವುದು ಹೂಗಳಷ್ಟೇ. ಹಿಂದಿನ ಐವತ್ತು ವರ್ಷ ಬರೆದ ಹೂಗಳಂತೆಯೇ ಅವೂ ಚೆಂದ. ಹೆಸರು ಓದಿದ ಮೇಲೆ ಮಾತ್ರ ಆ ಹೂವನ್ನು ಮುಡಿಯಲು, ಮೂಸಲು ಯಾರಿಗೂ ಕೈ ಬರುವುದಿಲ್ಲ. ಚೆಂದವೇ ಇಲ್ಲಿ ಹೆದರಿಕೆಯ ಕಾರಣ. ಅಣು ವಿಕಿರಣ ಕಣ್ಣಿಗೆ ಕಾಣದ್ದು ಎಂಬುದನ್ನು ಇಷ್ಟು ಸರಳವಾಗಿ ಚಿತ್ರಿಸಿದ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ. ಕೈಗಾದ ಅಣುಸ್ಥಾವರ ಇರುವ ರಾಜ್ಯದವರು ನಾವು.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಮೇಲೆ ಬಿದ್ದಿತು. ಕೀವ್‌ಗೆ ಉತ್ತರದಿಂದ ಬರುವ ದಾರಿಯಲ್ಲಿ ಇವಾಂಕಿವ್ ಇದೆ. ದಾಳಿಯ ಮೊದಲ ದಿನಗಳಲ್ಲೇ ಅಲ್ಲಿನ ಸ್ಥಳೀಯ ಇತಿಹಾಸದ ಸಂಗ್ರಹಾಲಯ ಹೊತ್ತಿ ಉರಿಯಿತು. ಮಾರಿಯಾಳ ಸುಮಾರು 25 ಚಿತ್ರಗಳು ಅಲ್ಲಿದ್ದವು, ಎಲ್ಲವೂ ಬೂದಿಯಾದವು ಎಂದು ಮೊದಲು ಸುದ್ದಿಯಾಯಿತು. ಊರಿನ ಜನ ಉರಿಯುವ ಕಟ್ಟಡಕ್ಕೆ ನುಗ್ಗಿ ಕೆಲವು ಚಿತ್ರಗಳನ್ನು ಹೊರಗೆ ತಂದಿದ್ದರು ಎಂಬುದು ಆಮೇಲೆ ತಿಳಿಯಿತು. ಬಾಗ್ದಾದಿನ ಸಂಗ್ರಹಾಲಯ ಲೂಟಿಯಾದಾಗ, ಗಾಜಾದ ಗ್ರಂಥಾಲಯಗಳು ನೆಲಸಮವಾದಾಗ ನಮ್ಮಲ್ಲಿ ಕೆಲವರು ನೊಂದರು, ಕೆಲವರು ಸುಮ್ಮನಿದ್ದರು. ಇವಾಂಕಿವ್‌ಗೆ ಜಗತ್ತು ಬೇಗ ಕಣ್ಣೀರು ಹಾಕಿತು. ಕಣ್ಣೀರಿನಲ್ಲೂ ಭೂಪಟವಿದೆ ಎಂಬುದು ನಿಜ. ಆ ಸಿಟ್ಟನ್ನು ಬೊಲೊತ್ನ್ಯಾದ ಮುದುಕಿಯ ಮೇಲೆ ತೀರಿಸಿಕೊಳ್ಳಬೇಕಾಗಿಲ್ಲ.

ಬೆಂಕಿಯ ಸುದ್ದಿಯ ನಂತರ ಆಕೆಯ ಪಾರಿವಾಳ ಜಗತ್ತಿನ ಬೀದಿಗಳಿಗೆ ಬಂತು. ಪಾರಿವಾಳ ರೆಕ್ಕೆ ಬಿಚ್ಚಿ ಶಾಂತಿ ಬೇಡುತ್ತಿದೆ ಎಂಬ 1982ರ ಚಿತ್ರವನ್ನು ಯುದ್ಧವಿರೋಧಿ ಮೆರವಣಿಗೆಗಳಲ್ಲಿ ಹಿಡಿದರು. 2024ರಲ್ಲಿ ವಾರ್ಸಾದ ಆಧುನಿಕ ಕಲಾ ಸಂಗ್ರಹಾಲಯ ಆಕೆಯ ದೊಡ್ಡ ಪ್ರದರ್ಶನ ಮಾಡಿತು. ಅದಕ್ಕೆ ಇಟ್ಟ ಹೆಸರು, ತೋಟಕ್ಕೆ ಹುಲಿ ಬಂತು ಎಂಬರ್ಥದ್ದು. ಜಾನಪದದ ಕೋಣೆಯಿಂದ ಆಧುನಿಕ ಕಲೆಯ ಕೋಣೆಗೆ ಬರಲು ಆಕೆಗೆ ಒಂದು ಯುದ್ಧ ಬೇಕಾಯಿತು.

ಈ ನಡುವೆ 2022ರ ಮೇ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. 'ನಾಲ್ಕನೇ ಘಟಕದ ಬಳಿ ಹೂಗಳು ಬೆಳೆದವು' ಚಿತ್ರ ಹರಾಜಿನಲ್ಲಿ 5 ಲಕ್ಷ ಡಾಲರಿಗೆ ಹೋಯಿತು. ಉಕ್ರೇನಿನ ಸೇನೆಗೆ ನೆರವು ಕೂಡಿಸುತ್ತಿದ್ದ ನಿಧಿಯೊಂದಕ್ಕೆ ಆ ಹಣ ಸಂದಿತು. ಯುದ್ಧಕ್ಕೆ ಶಾಪ ಹಾಕಿದವಳ ಚಿತ್ರ ಯುದ್ಧದ ಖರ್ಚಿಗೆ ಒದಗಿತು. ಮನೆಗೆ ನುಗ್ಗಿದವರನ್ನು ತಡೆಯುವ ಖರ್ಚು ಅದು, ಹಾಗಾಗಿ ಸರಿ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ದೂರದಲ್ಲಿ ಕೂತ ನಮಗೆ ಸುಲಭ. ಆಕೆ ಒಪ್ಪುತ್ತಿದ್ದಳೋ ಇಲ್ಲವೋ ಎಂಬ ಚರ್ಚೆಯೂ ಆಗಿದೆ. ಆ ಚರ್ಚೆಯಲ್ಲಿ ಮೊದಲ ಬಾರಿಗೆ ಎಲ್ಲರೂ ಆಕೆಯನ್ನು ಅಭಿಪ್ರಾಯವುಳ್ಳ ಮನುಷ್ಯಳು ಎಂದು ಎಣಿಸಿ ಮಾತಾಡಿದರು. ಕೆಲವರು ಚಿತ್ರಗಳ ಹಿಂಬದಿಯ ಬರಹಗಳನ್ನು ತೆಗೆದು ಓದತೊಡಗಿದರು.